ತೋಟದ ಗೇಟು ದಾಟುವಷ್ಟರಲ್ಲಿ ಮರೆತುಹೋಗುವ ದಿನದ ವಾಚನ

ತೋಡಿನ ಬದಿಯವನು, ಸಿದ್ದಾಪುರದ ಕಡೆ
ಫೆಬ್ರವರಿ 27, 2026, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಸಂಕೋಚದಿಂದಲೇ ಒಂದು ಪ್ರಶ್ನೆ ಕೇಳುತ್ತಿದ್ದೇನೆ. ಎರಡು ವರ್ಷಗಳಿಂದ ದಿನದ ವಾಚನ, ಅಂದರೆ ಆ ದಿನದ ಪೂಜೆಗೆಂದು ಗೊತ್ತುಮಾಡಿದ ಬೈಬಲ್ ಭಾಗಗಳು, ನನ್ನ ಮೊಬೈಲಿಗೆ ತಪ್ಪದೆ ಬರುತ್ತಿದೆ. ಬೆಳಿಗ್ಗೆ ಐದೂವರೆಗೆ ಎದ್ದು, ಬೆಲ್ಲದ ಕಾಫಿ ಕುಡಿಯುತ್ತ, ಮೊದಲನೆಯ ವಾಚನ, ಕೀರ್ತನೆ, ಶುಭಸಂದೇಶ ಮೂರನ್ನೂ ಓದಿದ ಮೇಲೆಯೇ ಗಂಬೂಟು ಹಾಕುತ್ತೇನೆ. ಓದುವಾಗ ಹಿತವಾಗಿಯೇ ಇರುತ್ತದೆ. ಆದರೆ ತೋಟದ ಗೇಟು ದಾಟುವಷ್ಟರಲ್ಲಿ ಎಲ್ಲ ಆವಿ. ಒಂಬತ್ತು ಗಂಟೆಗೆ ಯಾರಾದರೂ ಇವತ್ತು ಏನು ಓದಿದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳಬೇಕು. ಕೆಲಸದವರ ಮೇಲೆ ರೇಗುವುದಾಗಲಿ, ಬೇಲಿಯ ಜಗಳವಾಗಲಿ, ಓದದೆ ಇದ್ದ ಕಾಲಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ.

ಇವತ್ತಿನದು ಮಾತ್ರ ಮರೆಯಲಾಗಲಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಮೊದಲ ವಾರದ ಶುಕ್ರವಾರ. ಸಂಜೆ ಶಿಲುಬೆಯ ಹಾದಿ, ಬಳಿಕ ಬಲಿಪೂಜೆ. ಶುಭಸಂದೇಶ ಮತ್ತಾಯನ ಐದನೇ ಅಧ್ಯಾಯದ್ದು: ಸಹೋದರನೊಡನೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗು, ಮೊದಲು ರಾಜಿಯಾಗು, ಆಮೇಲೆ ಬಂದು ಅರ್ಪಿಸು. ನನ್ನ ಸ್ವಂತ ಅಣ್ಣ ಮುಂದಿನಿಂದ ಮೂರನೇ ಬೆಂಚಿನಲ್ಲಿ, ನಾನು ಕಂಬದ ಮರೆಯಲ್ಲಿ. ದೇವರು ನನ್ನನ್ನೇ ಗುರಿ ಇಟ್ಟು ಹೊಡೆದ ಹಾಗಿತ್ತು.

ವಿಷಯ ಇಷ್ಟೇ. ಅಪ್ಪ ತೀರಿಕೊಂಡ ಮೇಲೆ ತೋಟ ಪಾಲಾಯಿತು. ತೋಡು ಮೊದಲು ಅಣ್ಣನ ಪಾಲಿನಲ್ಲಿ ಹರಿದು ಆಮೇಲೆ ನನ್ನದಕ್ಕೆ ಬರುತ್ತದೆ. ಈ ತಿಂಗಳುಗಳಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿ ಹೂವು ಬಿಡಿಸಬೇಕು, ತಡವಾದರೆ ಆ ವರ್ಷದ ಫಸಲು ಹೋಯಿತೆಂದೇ ಲೆಕ್ಕ. ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರಳು ಚೀಲದ ಕಟ್ಟ ಹಾಕಿ ಮೂರು ದಿನ ಅವನು, ಮೂರು ದಿನ ನಾನು ಎಂದು ಮಾತಾಗಿತ್ತು. ಕಳೆದ ವರ್ಷ ಅವನು ಮಾತು ತಪ್ಪಿದ. ನನ್ನ ಸರದಿಯ ದಿನ ನೀರು ಬಿಡಲಿಲ್ಲ. ಅರ್ಧ ಬ್ಲಾಕಿನ ಮೊಗ್ಗು ಕರಟಿಹೋಯಿತು. ಅಲ್ಲಿಂದ ಮಾತಿಲ್ಲ. ಈಗ ಗಡಿ ಅಳೆಸಲು ಸರ್ವೆಗೂ ಅರ್ಜಿ ಕೊಟ್ಟಿದ್ದಾನೆ.

ನೀವೆಲ್ಲ ದಿನದ ವಾಚನವನ್ನು ದಿನದೊಳಗೆ ಹೇಗೆ ಇಳಿಸಿಕೊಳ್ಳುತ್ತೀರಿ? ಇನ್ನೊಂದು, ತಪ್ಪು ಮಾಡಿದವನು ಅವನು. ಹೋಗಬೇಕಾದವನು ನಾನೇ?

ಬೆಳಗಿನ ಬಸ್
ಫೆಬ್ರವರಿ 27, ರಾತ್ರಿ 10.15

ಅಣ್ಣ, ನನ್ನದೂ ಇದೇ ಕಥೆ. ಮೈಸೂರಿನಲ್ಲಿ ನರ್ಸ್ ಕೆಲಸ. ಬಸ್ಸಿನಲ್ಲಿ ಓದುತ್ತೇನೆ, ಇಳಿಯುವಾಗ ಟಿಫಿನ್ ಬಾಕ್ಸ್ ನೆನಪಿರುತ್ತದೆ, ವಾಚನ ನೆನಪಿರುವುದಿಲ್ಲ. ಉತ್ತರ ಸಿಕ್ಕಿದರೆ ನನಗೂ ಬೇಕು.

ದಿನಕ್ಕೊಂದು ವಾಕ್ಯ
ಫೆಬ್ರವರಿ 28, ಬೆಳಿಗ್ಗೆ 5.05

ಪ್ರಭುವಿಗೆ ಸ್ತೋತ್ರ! ಮರೆಯದಿರಲು ಸುಲಭದ ದಾರಿ: ಓದಿದ ಕೂಡಲೇ ಇನ್ನೊಬ್ಬರಿಗೆ ಕಳಿಸಿ. ನಾನು ದಿನವೂ ಹನ್ನೊಂದು ಗುಂಪುಗಳಿಗೆ ಚಿತ್ರದ ಸಮೇತ ಕಳಿಸುತ್ತೇನೆ. ಬಿತ್ತುವವನ ಕೆಲಸ ಬಿತ್ತುವುದು.

ನಿವೃತ್ತ ಮೇಷ್ಟ್ರು, ವಿರಾಜಪೇಟೆ
ಫೆಬ್ರವರಿ 28, ಬೆಳಿಗ್ಗೆ 11.20

ತೋಡಿನ ಬದಿಯವರೇ, ನಿಮ್ಮ ಕಾಯಿಲೆ ಹೊಸದಲ್ಲ. ಸಂತ ಯಕೋಬರ ಪತ್ರದ ಮೊದಲ ಅಧ್ಯಾಯದಲ್ಲೇ ಅದರ ಲಕ್ಷಣ ಬರೆದಿದೆ: ವಾಕ್ಯವನ್ನು ಕೇಳಿ ಅದರಂತೆ ನಡೆಯದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಅಲ್ಲಿಂದ ಸರಿದ ಕೂಡಲೇ ತಾನು ಹೇಗಿದ್ದೇನೆಂದು ಮರೆಯುವವನ ಹಾಗೆ. ಗಮನಿಸಿ, ಯಕೋಬರು ಜ್ಞಾಪಕಶಕ್ತಿಗೆ ಮದ್ದು ಹೇಳುವುದಿಲ್ಲ. ಮಾಡಿದ್ದು ಮರೆಯುವುದಿಲ್ಲ, ಬರೀ ಓದಿದ್ದು ಮರೆಯುತ್ತದೆ.

ನಾನು ನಲವತ್ತು ವರ್ಷ ಭಾನುವಾರದ ಧರ್ಮೋಪದೇಶದ ಮಕ್ಕಳಿಗೆ ಪಾಠ ಮಾಡಿದವನು, ಆದ್ದರಿಂದ ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ. ನನ್ನ ಹುಡುಗಾಟದ ಕಾಲದಲ್ಲಿ ಪೂಜೆ ಲತೀನಿನಲ್ಲಿ, ಸ್ವಾಮಿಗಳು ನಮಗೆ ಬೆನ್ನು ಹಾಕಿ ನಿಂತಿರುತ್ತಿದ್ದರು. ವಾಚನವೆಂದರೆ ನಮಗೆ ಕೆಮ್ಮಲು ಸಿಗುತ್ತಿದ್ದ ಬಿಡುವು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬೈಬಲಿನ ಭಂಡಾರವನ್ನು ಜನರಿಗೆ ಇನ್ನಷ್ಟು ಧಾರಾಳವಾಗಿ ತೆರೆಯಬೇಕು ಎಂದಿತು. ಅದರಂತೆ 1969ರಲ್ಲಿ ಹೊಸ ವಾಚನಕ್ರಮ ಬಂತು. ಭಾನುವಾರಗಳಿಗೆ ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೊವಾನ್ನರು ತಪಸ್ಸುಕಾಲದಲ್ಲೂ ಈಸ್ಟರಿನ ಪಾಸ್ಖಕಾಲದಲ್ಲೂ ಹೆಚ್ಚಾಗಿ ಬರುತ್ತಾರೆ. ಇಸವಿಯನ್ನು ಮೂರರಿಂದ ಭಾಗಿಸಿ, ಶೇಷ ಒಂದು ಉಳಿದರೆ ಮತ್ತಾಯನ ವರ್ಷ. ಈಗ ನಡೆಯುತ್ತಿರುವುದು ಅದೇ. ವಾರದ ದಿನಗಳ ಶುಭಸಂದೇಶ ಮಾತ್ರ ಪ್ರತಿ ವರ್ಷವೂ ಒಂದೇ. ಸಾಧಾರಣ ಕಾಲದಲ್ಲಿ, ಅಂದರೆ ಹಬ್ಬಗಳ ಕಾಲ ಬಿಟ್ಟು ಉಳಿದ ದಿನಗಳಲ್ಲಿ, ಮೊದಲನೆಯ ವಾಚನ ಬೆಸ ವರ್ಷಕ್ಕೊಂದು, ಸಮ ವರ್ಷಕ್ಕೊಂದು.

ನಮ್ಮ ಕೊಡಗಿನ ಲೆಕ್ಕದಲ್ಲಿ ಹೇಳುವುದಾದರೆ, ಕಾಫಿ ಕೊಯ್ಲು ಮುಗಿಯುತ್ತ ಬರುವಾಗ ಮಾರ್ಕ, ಮಳೆಗಾಲವೆಲ್ಲ ಮತ್ತಾಯ, ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಲೂಕ ಶುರು. ಬಿತ್ತುವವನ ಸಾಮತಿ (ಯೇಸು ಹೇಳಿದ ನೀತಿಕಥೆ), ಕಳೆಯ ಸಾಮತಿಗಳೆಲ್ಲ ಜುಲೈ ತಿಂಗಳಿನಲ್ಲಿ, ಗದ್ದೆಯಲ್ಲಿ ನಾಟಿ ನಡೆಯುವಾಗಲೇ ಓದುವುದು. ಯಾರೂ ನಮಗಾಗಿ ಹಾಗೆ ಇಟ್ಟಿದ್ದಲ್ಲ, ತಾನಾಗಿ ಕೂಡಿಬಂದದ್ದು.

ಹೊಸಬರು ಮಾಡುವ ಒಂದು ತಪ್ಪು: ವಾರದ ದಿನಗಳಲ್ಲಿ ಮೊದಲನೆಯ ವಾಚನಕ್ಕೂ ಶುಭಸಂದೇಶಕ್ಕೂ ಎಳೆದಾಡಿ ನಂಟು ಕಟ್ಟುವುದು. ಸಾಧಾರಣ ಕಾಲದಲ್ಲಿ ಅವೆರಡು ಬೇರೆ ಬೇರೆ ಊರಿನ ಬಸ್ಸುಗಳು, ಒಂದೇ ನಿಲ್ದಾಣದಲ್ಲಿ ನಿಂತಿವೆ ಅಷ್ಟೇ. ತಪಸ್ಸುಕಾಲದಲ್ಲಿ ಹಾಗಲ್ಲ, ಎರಡನ್ನೂ ನೋಡಿಯೇ ಜೋಡಿಸಿದ್ದಾರೆ. ನಿನ್ನೆಯ ಮೊದಲನೆಯ ವಾಚನ ಪ್ರವಾದಿ ಯೆಜೆಕಿಯೇಲರದು. ಅದನ್ನು ಇನ್ನೊಮ್ಮೆ ಓದಿ.

ಇನ್ನು ಗುರಿ ಇಟ್ಟು ಹೊಡೆದ ಮಾತು. ಅದೇ ಶುಭಸಂದೇಶ ಕಳೆದ ವರ್ಷವೂ ತಪಸ್ಸುಕಾಲದ ಮೊದಲ ವಾರದ ಶುಕ್ರವಾರ ಓದಲಾಗಿತ್ತು. ಅದು ಮಾರ್ಚ್ 14. ನೀವು ಆಗಲೂ ಕಂಬದ ಮರೆಯಲ್ಲೇ ಇದ್ದಿರಬೇಕು. ಗುಂಡು ಪ್ರತಿ ವರ್ಷ ಅಲ್ಲಿಂದಲೇ ಹಾರುತ್ತದೆ, ಈ ಸಲ ನೀವು ಅಡ್ಡ ಸಿಕ್ಕಿದಿರಿ. ಆದ್ದರಿಂದ ಇದನ್ನು ಶಕುನ ಎಂದು ತಿಳಿಯಬೇಡಿ. ಗಿಳಿ ಶಾಸ್ತ್ರದವನು ಚೀಟಿ ತೆಗೆಸುವ ಹಾಗೆ ಬೈಬಲ್ ಬಿಡಿಸಿ ಬೆರಳಿಡುವವರನ್ನು ನಾನು ಬಹಳ ನೋಡಿದ್ದೇನೆ. ದಿನದ ವಾಚನದ ದೊಡ್ಡ ಉಪಕಾರವೇ ಅದನ್ನು ನಾವು ಆರಿಸುವುದಿಲ್ಲ ಎಂಬುದು. ಆರಿಸಲು ಬಿಟ್ಟರೆ ನಾನಂತೂ 23ನೇ ಕೀರ್ತನೆಯ ಹಸಿರು ಹುಲ್ಲುಗಾವಲು ಬಿಟ್ಟು ಎದ್ದೇ ಬರುತ್ತಿರಲಿಲ್ಲ.

ಕೊನೆಯದು, ಚಿಕ್ಕದು. ಮತ್ತಾಯನ ಐದನೇ ಅಧ್ಯಾಯದ ಆ 23ನೇ ವಾಕ್ಯವನ್ನು, ಕಾಣಿಕೆ ಬಿಟ್ಟು ಹೋಗುವ ಮಾತನ್ನು, ನೀವು ನೆನಪಿನಿಂದ ಬರೆದಿದ್ದೀರಿ. ಪುಸ್ತಕ ತೆಗೆದು ನೋಡಿ. ಮನಸ್ತಾಪ ಯಾರಿಗೆ ಯಾರ ಮೇಲೆ ಎಂದು ಅಲ್ಲಿ ಸ್ಪಷ್ಟವಾಗಿದೆ.

ತೋಟದ ರೈಟರ್
ಫೆಬ್ರವರಿ 28, ಸಂಜೆ 7.40

ಮೇಷ್ಟ್ರ ಪಾಠ ಚೆನ್ನಾಗಿದೆ. ನನ್ನದು ಅನುಭವ ಮಾತ್ರ.

ನಾನು ಬೇರೆಯವರ ತೋಟದಲ್ಲಿ ರೈಟರ್. ಕೊಯ್ಲಿನ ದಿನಗಳಲ್ಲಿ ಸಂಜೆ ಕಣದಲ್ಲಿ ಹಣ್ಣಿನ ತೂಕ ನೋಡಿ ಬರೆಯುವುದು ನನ್ನ ಕೆಲಸ. ಕೊಯ್ದಷ್ಟು ಕಿಲೋಗೆ ಕೂಲಿ. ಅಸ್ಸಾಮಿನಿಂದ ಬಂದ ಹುಡುಗರು ನೂರು ಕಿಲೋ ದಾಟಿಸುತ್ತಾರೆ, ಲೈನ್ ಮನೆಯ ಹಳೆಯ ಹೆಂಗಸೊಬ್ಬರು ಮಂಡಿ ನೋವಿನಲ್ಲಿ ನಲವತ್ತು ತಲುಪುವುದೇ ಕಷ್ಟ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ ಬಂದಾಗಲೆಲ್ಲ ನನಗೆ ಕಿರಿಕಿರಿ. ಸಂಜೆ ಐದಕ್ಕೆ ಬಂದವನಿಗೂ ಇಡೀ ದಿನದ ಕೂಲಿ ಕೊಟ್ಟರೆ ಮರುದಿನ ಬೆಳಿಗ್ಗೆ ಏಳಕ್ಕೆ ಕಣದಲ್ಲಿ ಯಾರಿರುತ್ತಾರೆ? ಅದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ನನಗೆ ನಾಟಿದ್ದು ಬೇರೆಯದು. ಕಳೆದ ಸೆಪ್ಟೆಂಬರ್ 21ರ ಭಾನುವಾರ ಪ್ರವಾದಿ ಆಮೋಸರ ವಾಚನವಿತ್ತು: ಅಳತೆ ಕಿರಿದು ಮಾಡಿ, ತಕ್ಕಡಿಯಲ್ಲಿ ಮೋಸ ಮಾಡಿ ಬಡವರನ್ನು ತುಳಿಯುವವರ ವಿಷಯ. ಓದುತ್ತಿದ್ದವನೇ ನಾನು. ಆ ವಾರ ವಾಚನದ ಸರದಿ ನನ್ನದಾಗಿತ್ತು. ತಕ್ಕಡಿ ಎಂಬಲ್ಲಿಗೆ ಬಂದಾಗ ನಾಲಿಗೆ ತೊಡರಿತು. ನಮ್ಮಲ್ಲಿ ಚೀಲದ ತೂಕ, ಎಲೆ ಕಸ, ಮಂಜಿನ ನೀರು ಎಂದು ಚೀಲಕ್ಕೆ ಎರಡು ಕಿಲೋ ಕಳೆಯುವುದು ಮೊದಲಿನಿಂದ ಬಂದ ಪದ್ಧತಿ. ಕೈಬರಹದ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಕೂಡ ಇದೆ. ಮರುದಿನ ಯಾರೂ ಇಲ್ಲದಾಗ ಖಾಲಿ ಪ್ಲಾಸ್ಟಿಕ್ ಚೀಲವೊಂದನ್ನು ತಕ್ಕಡಿಗೆ ಹಾಕಿದೆ. ಇನ್ನೂರು ಗ್ರಾಮೂ ಇಲ್ಲ.

ಕೊಯ್ಲು ಶುರುವಾಗುವ ಮುಂಚೆ ಸಾಹುಕಾರರಿಗೆ ಹೇಳಿದೆ. ನಿನ್ನ ಬೈಬಲ್ ನನ್ನ ಕಣದಲ್ಲಿ ಬೇಡ ಎಂದರು. ಎರಡು ದಿನ ಬಿಟ್ಟು ಅವರೇ ಕರೆದು, ಸರಿ, ಒಂದು ಕಿಲೋ ಕಳೆ ಎಂದರು. ಹಗ್ಗ ಜಗ್ಗಾಡಿ ಈ ವರ್ಷ ಅರ್ಧ ಕಿಲೋಗೆ ನಿಂತಿದೆ. ಆಮೋಸರು ಒಪ್ಪುವುದಿಲ್ಲ ಎಂದು ಗೊತ್ತು. ಆದರೆ ಆ ವಾಚನವನ್ನು ನಾನು ಮರೆಯಬೇಕೆಂದರೂ ಆಗುವುದಿಲ್ಲ, ದಿನಾ ಸಂಜೆ ತಕ್ಕಡಿ ಮುಂದಿರುತ್ತದಲ್ಲ.

ಅಡುಗೆಮನೆ ಮಾರ್ತಾ
ಮಾರ್ಚ್ 1, ಮಧ್ಯಾಹ್ನ 3.10

ರೈಟರ್ ಅಣ್ಣ, ಆ ಹೆಂಗಸಿನ ನಲವತ್ತು ಕಿಲೋದಲ್ಲಿ ಎರಡು ಕಿಲೋ ಎಂದರೆ ಏನೆಂದು ನಮ್ಮಂಥವರಿಗೆ ಗೊತ್ತು. ನಿಮಗೆ ಒಳ್ಳೆಯದಾಗಲಿ.

ನನ್ನ ಉಪಾಯ ಹೇಳುತ್ತೇನೆ. ಅಡುಗೆಮನೆಯ ಗೋಡೆಯಲ್ಲಿ ತಿಂಗಳ ಕ್ಯಾಲೆಂಡರ್ ಇದೆ, ಅದರ ಚೌಕಗಳಲ್ಲಿ ಹಾಲಿನ ಲೆಕ್ಕ ಬರೆಯುತ್ತೇನೆ. ಅದೇ ಚೌಕದಲ್ಲಿ ಆ ದಿನದ ವಾಚನದಿಂದ ಒಂದೇ ಒಂದು ಪದ. ಹೆಚ್ಚು ಬರೆಯಲು ಜಾಗವೂ ಇಲ್ಲ. ಶುಕ್ರವಾರದ ಚೌಕದಲ್ಲಿ ‘ಒಂದೂವರೆ ಲೀಟರ್, ಮೊದಲು ಹೋಗು’ ಎಂದಿದೆ. ಪಾತ್ರೆ ತೊಳೆಯುವಾಗ, ಒಗ್ಗರಣೆ ಹಾಕುವಾಗ ಕಣ್ಣು ಅಲ್ಲಿಗೇ ಹೋಗುತ್ತದೆ. ರಾತ್ರಿ ಹಾಲಿನ ಲೆಕ್ಕ ತಾಳೆಯಾಗುತ್ತದೆ, ಪದದ ಲೆಕ್ಕ ತಿಂಗಳಿಗೆ ಮೂರೋ ನಾಲ್ಕೋ ದಿನ.

ಒಂದು ದೂರು ಕೂಡ ಇದೆ. ಜುಲೈ 26 ಸಂತ ಅನ್ನಮ್ಮನವರ ಹಬ್ಬ. ಮನೆ ತುಂಬ ನೆಂಟರು, ಹಂದಿ ಮಾಂಸಕ್ಕೆ ಕಾಚಂಪುಳಿ ಹಾಕಿ ಇಳಿಸುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ. ಮೂರು ದಿನ ಬಿಟ್ಟು 29ರಂದು ಸಂತ ಮಾರ್ತಾಳ ಸ್ಮರಣೆ. ಆ ದಿನಕ್ಕೆ ಎರಡು ಶುಭಸಂದೇಶಗಳಿವೆ, ಯಾವುದನ್ನಾದರೂ ಓದಬಹುದು. ನಮ್ಮಲ್ಲಿ ಯಾವಾಗಲೂ ಲೂಕನದೇ: ಮಾರ್ತಾ, ನೀನು ಅನೇಕ ವಿಷಯಗಳಲ್ಲಿ ತಳಮಳಗೊಂಡಿದ್ದೀಯೆ. ಹಬ್ಬದಡುಗೆ ಹೊಡೆದವರೇ ಮುಂದಿನ ಬೆಂಚಿನಲ್ಲಿ ತಲೆಯಾಡಿಸುತ್ತಾರೆ! ಇನ್ನೊಂದು ಯೊವಾನ್ನನದು. ತಮ್ಮ ಸತ್ತು ನಾಲ್ಕು ದಿನವಾಗಿರುವಾಗ ಅದೇ ಮಾರ್ತಾ ಊರ ಹೊರಗೆ ಹೋಗಿ ಸ್ವಾಮಿಯನ್ನು ಎದುರುಗೊಂಡು, ನೀವೇ ಕ್ರಿಸ್ತ ಎಂದು ನಂಬುತ್ತೇನೆ ಎನ್ನುತ್ತಾಳೆ. ಒಂದು ವರ್ಷವಾದರೂ ಅದನ್ನು ಓದಿ ಎಂದು ಫಾದರ್‌ಗೆ ಚೀಟಿ ಕೊಟ್ಟಿದ್ದೇನೆ. ನೋಡೋಣ.

ತೋಡಿನ ಬದಿಯ ತಮ್ಮ, ಮೇಷ್ಟ್ರು ಕೇಳಿದ್ದಕ್ಕೆ ನೀನಿನ್ನೂ ಉತ್ತರ ಕೊಟ್ಟಿಲ್ಲ.

ಬೆಳಗಿನ ಬಸ್
ಮಾರ್ಚ್ 1, ರಾತ್ರಿ 8.30

ಮೇಷ್ಟ್ರೇ, ನನ್ನದೊಂದು ತೊಡಕು. ಮನೆಯಲ್ಲಿ ಕೊಂಕಣಿ, ಅಜ್ಜಿಯ ಕಡೆ ಮಲಯಾಳ, ಶಾಲೆಯಲ್ಲಿ ಕನ್ನಡ, ಹಾಸ್ಟೆಲಿನ ಪೂಜೆ ಇಂಗ್ಲಿಷ್. ಯಾವುದರಲ್ಲಿ ಓದಿದರೂ ಅರ್ಥವಾಗುತ್ತದೆ, ಯಾವುದರಲ್ಲೂ ಒಳಗಿಳಿಯುವುದಿಲ್ಲ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ
ಮಾರ್ಚ್ 2, ಬೆಳಿಗ್ಗೆ 10.00

ಮಗಳೇ, ನೀನು ಯಾವ ಭಾಷೆಯಲ್ಲಿ ಜಗಳವಾಡುತ್ತೀಯೋ ಆ ಭಾಷೆಯಲ್ಲಿ ಓದು.

ಈ ಕಲಸು ನಿನ್ನೊಬ್ಬಳದಲ್ಲ. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಅರಸರು ನೆಲೆ ಕೊಟ್ಟು, 1792ರಲ್ಲಿ ಈ ಪೇಟೆಯನ್ನು ಕಟ್ಟಿಸಿದಾಗಿನಿಂದ ಇಲ್ಲಿಯ ದೇವಾಲಯದಲ್ಲಿ ಒಂದೇ ಭಾಷೆ ಕೇಳಿದವರಿಲ್ಲ. ಪಾಪನಿವೇದನೆಗೆ ಒಂದು ಭಾಷೆ, ಹಾಡಿಗೆ ಒಂದು, ಸಂತೆಗೆ ಇನ್ನೊಂದು.

ಇನ್ನೊಂದು ಮಾತು. 12ನೇ ಶತಮಾನದಲ್ಲಿ ಕಾರ್ತೂಸಿಯನ್ ಮಠದ ಎರಡನೇ ಗೀಗೊ ಎಂಬ ಸಂನ್ಯಾಸಿ ವಾಕ್ಯವನ್ನು ಓದುವುದಕ್ಕೆ ನಾಲ್ಕು ಮೆಟ್ಟಿಲು ಹೇಳಿದ: ಓದು, ಮನನ, ಪ್ರಾರ್ಥನೆ, ದರ್ಶನ. ಊಟದ ಹೋಲಿಕೆಯೂ ಅವನದೇ. ಓದುವುದು ತುತ್ತನ್ನು ಬಾಯಿಗಿಡುವುದು, ಮನನ ಅಗಿಯುವುದು, ಪ್ರಾರ್ಥನೆಯಲ್ಲಿ ರುಚಿ ಹತ್ತುವುದು, ಕೊನೆಯದು ಆ ಸವಿಯೇ. ನಾವು ಮೊಬೈಲಿನಲ್ಲಿ ಮೂರು ತುತ್ತು ಒಟ್ಟಿಗೆ ಬಾಯಿಗೆ ತುರುಕಿ ಅಗಿಯದೆ ಬಸ್ ಹತ್ತುತ್ತೇವೆ. ಒಂದೇ ಸಾಲು ಸಾಕು, ಆದರೆ ಮಧ್ಯಾಹ್ನದವರೆಗೂ ಬಾಯಲ್ಲಿರಲಿ. ಮಾರ್ತಾ ಅವರ ಕ್ಯಾಲೆಂಡರ್ ಚೌಕಕ್ಕೂ ಗೀಗೊವಿಗೂ ಅಂಥ ವ್ಯತ್ಯಾಸವೇನಿಲ್ಲ.

ಬೆಟ್ಟದಿಂದ ಇಳಿದವಳು
ಮಾರ್ಚ್ 3, ರಾತ್ರಿ 11.35

ಇಲ್ಲಿ ಬರೆಯುವುದೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ‘ದಿನಕ್ಕೊಂದು ವಾಕ್ಯ’ದವರ ಹನ್ನೊಂದು ಗುಂಪುಗಳ ಮಾತು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ.

2018ರ ಆಗಸ್ಟ್ 15ರಂದು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬಕ್ಕೆ ಮಳೆಯಲ್ಲೇ ನಡೆದು ಹೋಗಿದ್ದೆವು. ಶುಭಸಂದೇಶ ಎಲ್ಲರಿಗೂ ಗೊತ್ತಿರುವುದೇ, ಮರಿಯಮ್ಮ ಬೆಟ್ಟದ ಸೀಮೆಯ ಊರಿಗೆ ಅವಸರದಿಂದ ಹೋದದ್ದು. ಬೆಟ್ಟದ ಸೀಮೆ ಎಂದಾಗ ಅಮ್ಮ ನನ್ನ ಕಡೆ ನೋಡಿ ನಕ್ಕರು, ನಮ್ಮ ಹಾಗೆಯೇ ಎಂದು. ಎರಡು ದಿನದೊಳಗೆ ನಮ್ಮ ಮನೆಯ ಹಿಂದಿನ ಬೆಟ್ಟ ಮನೆಯ ಮೇಲೆಯೇ ಇಳಿಯಿತು. ನಾವು ಮೂರೂ ಜನ ಬದುಕಿದೆವು. ಅಜ್ಜ ಕಟ್ಟಿಸಿದ ಮನೆ, ಏಲಕ್ಕಿ ಗೂಡು, ಎರಡು ಹಸು ಏನೂ ಉಳಿಯಲಿಲ್ಲ.

ಪರಿಹಾರ ಕೇಂದ್ರದಲ್ಲಿ ಚಾಪೆಯ ಮೇಲೆ ಕುಳಿತಿರುವಾಗ ಯಾರೋ ನನ್ನ ಮೊಬೈಲಿಗೆ ಒಂದು ಚಿತ್ರ ಕಳಿಸಿದರು. ಕುಸಿದ ಮನೆ, ಅದರ ಮೇಲೆ ಮತ್ತಾಯನ ಏಳನೇ ಅಧ್ಯಾಯದ ವಾಕ್ಯ: ಮರಳಿನ ಮೇಲೆ ಮನೆ ಕಟ್ಟಿದ ಬುದ್ಧಿಹೀನ. ಚಿತ್ರದಲ್ಲಿದ್ದದ್ದು ನಮ್ಮ ಮನೆಯಲ್ಲ, ನಮ್ಮ ಕೆಳಗಿನವರದು. ಆ ಮನೆಯವರು ಅದೇ ಹಾಲಿನಲ್ಲಿ ನನ್ನಿಂದ ನಾಲ್ಕು ಚಾಪೆ ಆಚೆ ಮಲಗಿದ್ದರು.

ಆ ವಾಚನ ವರ್ಷಕ್ಕೆ ಎರಡು ಸಲ ಬರುತ್ತದೆ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನಕಾಲದ ಮೊದಲ ಗುರುವಾರ ಒಮ್ಮೆ, ಜೂನ್ ಕೊನೆಯ ಹೊತ್ತಿಗೆ ಇನ್ನೊಮ್ಮೆ. ಜೂನ್ ಎಂದರೆ ಕೊಡಗಿನಲ್ಲಿ ಏನೆಂದು ಹೇಳಬೇಕೇ? ಹೊರಗೆ ಹೆಂಚಿನ ಮೇಲೆ ಮಳೆ ಹೊಡೆಯುತ್ತಿರುತ್ತದೆ, ಒಳಗೆ ಮಳೆ ಬಂತು, ನೆರೆ ಬಂತು ಎಂದು ಓದುತ್ತಿರುತ್ತಾರೆ. ಎರಡು ವರ್ಷ ಆ ದಿನ ನಾನು ಪೂಜೆಗೇ ಹೋಗಲಿಲ್ಲ.

ಆಮೇಲೊಂದು ಸಲ, ಗೊತ್ತಿಲ್ಲದೆ ಅದೇ ದಿನ ಹೋಗಿದ್ದೆ. ಆಗ ಕಿವಿಗೆ ಬಿದ್ದದ್ದು ಬೇರೆ. ಮಳೆ ಎರಡೂ ಮನೆಗಳ ಮೇಲೆ ಬರುತ್ತದೆ. ಅದೇ ಮಳೆ, ಅದೇ ಗಾಳಿ. ಬಂಡೆಯ ಮೇಲಿದ್ದವನ ಮನೆಗೆ ಮಳೆ ಬರುವುದಿಲ್ಲ ಎಂದು ಎಲ್ಲೂ ಇಲ್ಲ. ಬಂಡೆ ಯಾವುದು ಎಂದೂ ಅಲ್ಲೇ ಹೇಳಿದೆ: ಕೇಳಿ ಅದರಂತೆ ನಡೆಯುವುದು. ಜಾಗದ ವಿಷಯವಲ್ಲ, ಮಣ್ಣಿನ ವಿಷಯವಲ್ಲ. ಪರಿಹಾರ ಕೇಂದ್ರದಲ್ಲಿ ನಮಗೆ ಮೊದಲು ಗಂಜಿ ತಂದುಕೊಟ್ಟ ಹೆಂಗಸು ಬೈಬಲ್ ಓದಿದವರೇ ಅಲ್ಲ.

ದಯವಿಟ್ಟು ಚಿತ್ರ ಕಳಿಸುವ ಮುಂಚೆ ಆ ವಾಕ್ಯ ಯಾರ ಮೇಲೆ ಬೀಳುತ್ತದೆ ಎಂದು ಒಂದು ಕ್ಷಣ ನೋಡಿ.

ದಿನಕ್ಕೊಂದು ವಾಕ್ಯ
ಮಾರ್ಚ್ 4, ಬೆಳಿಗ್ಗೆ 5.20

ಅಕ್ಕ, ಆ ಚಿತ್ರ ನಾನು ಮಾಡಿದ್ದಲ್ಲ. ಆದರೆ ಕಳಿಸಿದವರಲ್ಲಿ ನಾನೂ ಒಬ್ಬ. ಕ್ಷಮಿಸಿ. ಇವತ್ತು ಏನೂ ಕಳಿಸಿಲ್ಲ.

ತೋಡಿನ ಬದಿಯವನು, ಸಿದ್ದಾಪುರದ ಕಡೆ
ಮಾರ್ಚ್ 5, ರಾತ್ರಿ 10.40

ಮೇಷ್ಟ್ರು ಹೇಳಿದ ದಿನವೇ ಪುಸ್ತಕ ತೆಗೆದು ನೋಡಿದ್ದೆ. ಉತ್ತರ ಬರೆಯಲು ಮನಸ್ಸು ಬರಲಿಲ್ಲ.

ನಿನಗೆ ಸಹೋದರನ ಮೇಲೆ ಏನಾದರೂ ಇದ್ದರೆ ಎಂದು ಅಲ್ಲಿಲ್ಲ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ ಎಂದಿದೆ. ಇಷ್ಟು ವರ್ಷ ಕೇಳಿದ ವಾಕ್ಯವನ್ನು ನಾನು ಉಲ್ಟಾ ಇಟ್ಟುಕೊಂಡಿದ್ದೆ.

ಮೊದಲ ದಿನ ಬರೆದದ್ದು ಸುಳ್ಳಲ್ಲ, ಆದರೆ ಅರ್ಧ. ಕಳೆದ ವರ್ಷ ಅಣ್ಣ ನನ್ನ ಸರದಿ ಬಿಟ್ಟುಕೊಡದಿರಲು ಕಾರಣವಿತ್ತು. ಅವನ ಮೇಲಿನ ಬ್ಲಾಕಿಗೆ ಇನ್ನೂ ಒಂದು ರಾತ್ರಿಯ ನೀರು ಬೇಕಿತ್ತು, ಒಂದೇ ದಿನ ತಡೆದುಕೋ ಎಂದು ಹೇಳಿ ಕಳಿಸಿದ್ದ. ಆ ರಾತ್ರಿ ಒಂದೂವರೆಗೆ ನಾನು ಟಾರ್ಚ್ ಆರಿಸಿಕೊಂಡು ತೋಡಿನ ಗುಂಟ ಮೇಲೆ ಹೋದೆ. ಆನೆಯ ಭಯವೂ ಆಗಲಿಲ್ಲ, ಅಷ್ಟು ಸಿಟ್ಟು. ನಾಲ್ಕು ಮರಳು ಚೀಲ ಸರಿಸಿದೆ. ನೀರು ನನ್ನ ಕಡೆಗೆ ಇಳಿಯಿತು. ಮೇಲೆ ಅವನ ಮೋಟಾರ್ ಗಾಳಿ ಎಳೆದು ಬೆಳಗಿನ ಜಾವದವರೆಗೂ ಓಡಿ ಸುಟ್ಟುಹೋಯಿತು. ರಿಪೇರಿಯಾಗಿ ಬರಲು ನಾಲ್ಕು ದಿನ. ಅವನ ಹೂವೂ ಹೋಯಿತು. ಅವನು ಸಿಟ್ಟಿನಲ್ಲಿ ಕಟ್ಟವನ್ನು ಪೂರಾ ಬಿಗಿದದ್ದರಿಂದ ನನ್ನ ಅರ್ಧ ಬ್ಲಾಕೂ ಹೋಯಿತು. ನೆಂಟರ ಮುಂದೆ ಅವನು ನನ್ನ ಹೆಸರು ಹೇಳಿದಾಗ ಅಮ್ಮನಾಣೆ ನಾನಲ್ಲ ಎಂದೆ. ಅಮ್ಮ ಅಲ್ಲೇ ಕುಳಿತಿದ್ದರು.

ಇದೆಲ್ಲ ಮಾರ್ಚ್ ಎರಡನೇ ವಾರದಲ್ಲಿ. ಮೇಷ್ಟ್ರು ಹೇಳಿದ 14ನೇ ತಾರೀಖಿನ ಹಿಂದಿನ ರಾತ್ರಿಯೋ, ಮುಂದಿನ ರಾತ್ರಿಯೋ ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಆ ಶುಕ್ರವಾರ ಪೂಜೆಗೆ ಹೋಗಿದ್ದೆ ಎಂಬುದು ಮಾತ್ರ ನೆನಪಿದೆ.

ತೋಟದ ರೈಟರ್
ಮಾರ್ಚ್ 5, ರಾತ್ರಿ 11.05

ವೈಂಡಿಂಗ್‌ಗೆ ಎಷ್ಟಾಗಿರುತ್ತದೆ ಎಂದು ಅಂದಾಜು ಮಾಡಿ ಹಣ ತೆಗೆದುಕೊಂಡು ಹೋಗಿ. ಬರೀ ಬಾಯಿಮಾತಿನಲ್ಲಿ ಮುಗಿಸಬೇಡಿ. ಶುಭಸಂದೇಶದ ಸುಂಕದವ ಜಕ್ಕಾಯ ಮೋಸದಿಂದ ಪಡೆದದ್ದರ ನಾಲ್ಕರಷ್ಟು ಕೊಡುತ್ತೇನೆ ಎಂದಿದ್ದ, ನೀವು ಆದಷ್ಟನ್ನಾದರೂ ಕೊಡಿ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ
ಮಾರ್ಚ್ 6, ಬೆಳಿಗ್ಗೆ 9.15

ಪಾಪನಿವೇದನೆಗೂ ಹೋಗಿ. ಅದು ಬೇರೆ, ಇದು ಬೇರೆ. ಅಲ್ಲಿ ಕ್ಷಮೆ ಸಿಕ್ಕಿತೆಂದು ಇಲ್ಲಿಯ ಮೋಟಾರ್ ದುರಸ್ತಿಯಾಗುವುದಿಲ್ಲ, ಇಲ್ಲಿ ಹಣ ಕೊಟ್ಟಿರೆಂದು ಅಮ್ಮನಾಣೆ ಅಳಿಸಿಹೋಗುವುದಿಲ್ಲ.

ಗುಂಡು ಹಾರುವ ಮಾತನ್ನು ನಾನು ಸ್ವಲ್ಪ ಲಘುವಾಗಿ ಆಡಿದೆ. ನಿಮ್ಮ ಪತ್ರ ಓದಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಡುಗೆಮನೆ ಮಾರ್ತಾ
ಮಾರ್ಚ್ 7, ಮಧ್ಯಾಹ್ನ 2.30

ತಮ್ಮ, ಇವತ್ತು ಶನಿವಾರದ ಶುಭಸಂದೇಶ ಓದಿದೆಯಾ? ದುಂದುಗಾರ ಮಗ. ನಿನ್ನ ಅಣ್ಣನನ್ನು ಆ ಕಥೆಯ ಹಿರಿಯ ಮಗನನ್ನಾಗಿ ಮಾಡಿ, ಹೊಲದ ಬದಿಯಲ್ಲಿ ಮುನಿಸಿಕೊಂಡು ನಿಲ್ಲಿಸಿ, ನೀನು ಹಬ್ಬದೂಟಕ್ಕೆ ಕುಳಿತುಬಿಡಬೇಡ. ನನ್ನ ಮಗ ಹಾಗೆಯೇ ಮಾಡುತ್ತಾನೆ, ಯಾವ ಸಾಮತಿ ಬಂದರೂ ಅದರಲ್ಲಿ ತನಗೆ ಒಳ್ಳೆಯ ಪಾತ್ರ.

ನಾಳೆ ಭಾನುವಾರ ಸಮಾರ್ಯದ ಹೆಂಗಸು, ಬಾವಿ, ನೀರು. ಮಂಗಳವಾರ ಎಪ್ಪತ್ತೇಳು ಸಲವೋ ಎಪ್ಪತ್ತರ ಏಳರಷ್ಟೋ ಕ್ಷಮಿಸುವುದು. ಶಕುನ ಅಲ್ಲ ಎಂದು ಮೇಷ್ಟ್ರು ಹೇಳಿದ್ದಾರೆ, ಒಪ್ಪಿದೆ. ಆದರೂ ಈ ವರ್ಷದ ಪಟ್ಟಿ ನಿನ್ನ ತೋಡಿನ ಗುಂಟವೇ ಹರಿಯುತ್ತಿದೆಯಲ್ಲ!

ಬೆಳಗಿನ ಬಸ್
ಮಾರ್ಚ್ 9, ಬೆಳಿಗ್ಗೆ 6.50

ಕನ್ನಡದಲ್ಲೇ ಓದುತ್ತಿದ್ದೇನೆ, ಮೇಷ್ಟ್ರೇ. ವಾರ್ಡಿನಲ್ಲಿ ಜಗಳವಾಡುವುದು ಅದರಲ್ಲೇ. ನಿನ್ನೆಯ ಬಾವಿಯ ಕಥೆಯಲ್ಲಿ ಒಂದು ಸಾಲು ಇನ್ನೂ ಬಾಯಲ್ಲಿದೆ: ಅವಳು ಕೊಡವನ್ನು ಅಲ್ಲೇ ಬಿಟ್ಟು ಊರೊಳಕ್ಕೆ ಹೋದಳು. ಕೊಡ ಯಾಕೆ ಬಿಟ್ಟಳು ಎಂದು ಯೋಚಿಸುತ್ತ ಕುಳಿತು ಒಂದು ಸ್ಟಾಪ್ ಮುಂದೆ ಹೋಗಿ ಇಳಿದೆ.

ತೋಡಿನ ಬದಿಯವನು, ಸಿದ್ದಾಪುರದ ಕಡೆ
ಮಾರ್ಚ್ 11, ರಾತ್ರಿ 9.20

ನಿನ್ನೆ ಸಂಜೆ ಹೋಗಿದ್ದೆ. ಚಿಕ್ಕದಾಗಿ ಬರೆಯುತ್ತೇನೆ, ಹೊರಡಬೇಕಾಗಿದೆ.

ಅಣ್ಣ ಮನೆಯಲ್ಲಿರಲಿಲ್ಲ. ಅತ್ತಿಗೆ ಒಳಗೆ ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಜಗಲಿಯ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಕಾಫಿ ತಂದಿಟ್ಟರು. ನಾನು ಬಂದದ್ದೇಕೆಂದು ಕೇಳಲಿಲ್ಲ, ಮೋಟಾರಿನ ಫುಟ್ ವಾಲ್ವ್ ಸೋರುತ್ತಿದೆ ಎಂದು ಹೇಳಿದರು. ನಾನು ಹೂಂ ಎಂದೆ. ಅಣ್ಣ ಬಂದಾಗ ಕತ್ತಲಾಗಿತ್ತು. ಎದ್ದು ನಿಂತು, ಚೀಲ ಸರಿಸಿದ್ದು ನಾನೇ ಎಂದೆ. ದಾರಿಯಲ್ಲಿ ಸಿದ್ಧಮಾಡಿಕೊಂಡಿದ್ದ ಉಳಿದ ಮಾತುಗಳು ಬಾಯಿಗೆ ಬರಲಿಲ್ಲ. ಅವನು ಗೊತ್ತು ಎಂದ. ಅಷ್ಟೇ. ಲಕೋಟೆ ಕೊಟ್ಟೆ. ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ದೀಪದ ಕೆಳಗೆ ಹೋಗಿ ಎಣಿಸಿದ. ಎಣಿಸಿ ಐನೂರರ ಒಂದು ನೋಟು ವಾಪಸ್ ಕೊಟ್ಟು, ವೈಂಡಿಂಗ್‌ಗೆ ಅಷ್ಟಾಗಿರಲಿಲ್ಲ ಎಂದ.

ಅಮ್ಮನಾಣೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದಕ್ಕೆ ಅಮ್ಮನ ಹತ್ತಿರವೇ ಹೋಗಬೇಕು, ಇನ್ನೂ ಹೋಗಿಲ್ಲ. ಸರ್ವೆ ಅರ್ಜಿ ಹಿಂದೆ ತೆಗೆದುಕೊಳ್ಳುತ್ತಾನೋ ಇಲ್ಲವೋ, ಕೇಳಲಿಲ್ಲ. ನಾನು ಹೊರಟು ಕಾಲುಸಂಕದ ಹತ್ತಿರ ಬಂದಿದ್ದೆ. ಹಿಂದಿನಿಂದ ಕೂಗಿ ಹೇಳಿದ: ಬುಧವಾರ ರಾತ್ರಿಯಿಂದ ಮೂರು ದಿನ ನೀರು ನಿನ್ನದು, ಚೀಲ ನೀನೇ ಸರಿಸಿಕೋ, ನಾನು ಬರುವುದಿಲ್ಲ.

ಹತ್ತು ಗಂಟೆಗೆ ತ್ರೀ ಫೇಸ್ ಕರೆಂಟ್ ಬರುತ್ತದೆ. ಈ ಸಲ ಟಾರ್ಚ್ ಹಾಕಿಕೊಂಡೇ ಹೋಗುತ್ತೇನೆ.